ಒಬ್ಲಿವಿಯೊ ಪದದ ಎರಡನೆಯ ಅರ್ಥ

ಈ ಮೂಲಕ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಕಾಕ್ಸ್‌ಟೌನಿನ ಒಂದು ಅಡ್ಡರಸ್ತೆಯಲ್ಲಿ ಬಹುಕಾಲ ವಾಸವಾಗಿದ್ದು, ಕೊನೆಯ ಮೂರು ವರ್ಷ ಕೃಷ್ಣರಾಜಪುರದಲ್ಲಿ ತಮ್ಮ ತಂಗಿಯ ಮಗಳ ಮನೆಯಲ್ಲಿದ್ದ ಲ್ಯಾಟಿನ್ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ನಮೂದಿಸಿಲ್ಲ. ಕಾರಣವನ್ನು ಮುಂದೆ ತಿಳಿಸಿದ್ದೇನೆ.

ಸುದ್ದಿ ಬಂದಾಗ ನಾನು ಶಿವಾಜಿನಗರದ ನಮ್ಮ ಟೈಪಿಂಗ್ ಅಂಗಡಿಯಲ್ಲಿ, ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದುಪಡಿ ಕೋರುವ ಅರ್ಜಿಯೊಂದನ್ನು ಸಿದ್ಧಪಡಿಸುತ್ತಿದ್ದೆ. ಮೊಬೈಲಿನಲ್ಲಿ ಬಂದ ಸಂದೇಶವನ್ನು ಓದಿದೆ. ನಂತರ ಅರ್ಜಿಯನ್ನು ಪೂರ್ಣಗೊಳಿಸಿ, ಎರಡು ಪ್ರತಿ ತೆಗೆದು, ಸಹಿ ಎಲ್ಲಿ ಹಾಕಬೇಕೆಂದು ಅರ್ಜಿದಾರರಿಗೆ ಬೆರಳಿಟ್ಟು ತೋರಿಸಿದೆ. ಅಳು ಬರಲಿಲ್ಲ. ಈವರೆಗೂ ಬಂದಿಲ್ಲ.

ನಮ್ಮ ಮನೆಯ ಹೆಂಗಸರು ದಫನಕ್ಕೆ ಹೋಗುವ ರೂಢಿಯಿಲ್ಲ. ಅಮ್ಮಿಗೆ ತಿಳಿಸದೆ ಹೋದೆ. ಸಮಾಧಿಯ ಬಳಿ ಎಲ್ಲರೂ ಸಾಲಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು, ನಾನೂ ಹಾಕಿದೆ. ಮಣ್ಣು ಒದ್ದೆಯಾಗಿದ್ದು ಉಗುರಿನ ಸಂದಿಯಲ್ಲಿ ಉಳಿಯಿತು. ಅದನ್ನು ತೆಗೆಯುತ್ತ ನಿಂತಿದ್ದಾಗ, ನನ್ನ ಮುಂದಿದ್ದ ಚರ್ಚಿನ ಸಮಿತಿಯ ಇಬ್ಬರು ಮಾತನಾಡಿಕೊಂಡದ್ದು ಕಿವಿಗೆ ಬಿತ್ತು.

"ಒಳ್ಳೇ ಮನುಷ್ಯ. ಕೊನೇಲಿ ತಲೆ ಕೈ ಕೊಡ್ತು, ಪಾಪ."

"ಆ ಸರ್ಟಿಫಿಕೇಟ್ ಗಲಾಟೆ ನೆನಪಿದ್ಯಲ್ಲ? ಮರ್ಯಾದಸ್ಥರ ಮನೆ ವಿಷ್ಯ ಬೀದಿಗ್ ತಂದ್ಬಿಟ್ರು."

"ಅದಾದ್ಮೇಲೆ ತಾನೇ ಬೀಗದ ಕೈ ವಾಪಸ್ ಇಸ್ಕೊಂಡಿದ್ದು."

ಸದರಿ ತಪ್ಪು ಮೇಷ್ಟ್ರದಲ್ಲ, ನನ್ನದು. ಇದನ್ನು ದಾಖಲಿಸುವುದೇ ಈ ಬರಹದ ಉದ್ದೇಶ. ಆದರೆ ಅದಕ್ಕೂ ಮೊದಲು ಅವರು ಎಂಥವರೆಂದು ತಿಳಿಸುವುದು ಸೂಕ್ತ. ನನ್ನ ಮನೆಮಾತು ದಖನಿ. ಬರೆಯುವ ಕನ್ನಡವನ್ನು ಕಲಿತದ್ದು ಅರ್ಜಿಗಳಿಂದ. ಒಬ್ಬ ಮನುಷ್ಯನ ಬಗ್ಗೆ ಬರೆಯಲು ಬೇಕಾದ ಮಾತುಗಳೆಲ್ಲ ಅದರಲ್ಲಿ ಇವೆಯೋ ಇಲ್ಲವೋ ತಿಳಿಯದು. ಇರುವಷ್ಟರಲ್ಲಿ ಬರೆಯುತ್ತೇನೆ.

ಮೇಷ್ಟ್ರು ಪಾದ್ರಿಯಲ್ಲ. ಪಾದ್ರಿಗಳಾಗಲು ಓದುವವರಿಗೆ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ನಿವೃತ್ತಿಯ ತರುವಾಯ ಅವರು ಎರಡು ಕೆಲಸಗಳನ್ನು ಇಟ್ಟುಕೊಂಡಿದ್ದರು. ಮೊದಲನೆಯದು, ಚರ್ಚಿನಲ್ಲಿ ಶಿಶುಗಳಿಗೆ ಮಾಡಿಸುವ ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕಗಳನ್ನು ಓದಿ, ಕೇಳಿ ಬಂದವರಿಗೆ ಅವರವರ ಸಾಲಿನ ಪ್ರತಿ ಸಿದ್ಧಪಡಿಸುವುದು. ಆ ಪುಸ್ತಕಗಳೆಲ್ಲ ಲ್ಯಾಟಿನ್ನಿನಲ್ಲಿವೆ. ವಯಸ್ಸಾದ ಅನೇಕರಿಗೆ ತಾವು ಹುಟ್ಟಿದ್ದಕ್ಕೆ ಆ ಒಂದು ಸಾಲಿನ ಹೊರತು ಬೇರೆ ಪುರಾವೆ ಇರುವುದಿಲ್ಲ. ಎರಡನೆಯದು, ಯಾರೂ ಕೇಳದಿದ್ದ ಒಂದು ಲ್ಯಾಟಿನ್–ಕನ್ನಡ ಪದಕೋಶ. ಇವೆರಡೂ ಟೈಪಿಗಾಗಿ ನನ್ನ ಬಳಿಗೆ ಬರುತ್ತಿದ್ದವು.

ಪದಕೋಶದ ಚೀಟಿಗಳನ್ನು ಅವರು ಮದುವೆಯ ಆಮಂತ್ರಣ ಪತ್ರಿಕೆಗಳನ್ನು ಕತ್ತರಿಸಿ ಮಾಡಿಕೊಳ್ಳುತ್ತಿದ್ದರು. ಒಂದು ಬದಿಯಲ್ಲಿ ಲ್ಯಾಟಿನ್ ಪದ. ತಿರುಗಿಸಿದರೆ ಯಾರೋ ವಧುವಿನ ಅರ್ಧ ಹೆಸರು, ಇಲ್ಲವೇ "ಸಹಕುಟುಂಬ ಸಮೇತರಾಗಿ". ಎಲ್ಲವೂ ಬೂಟಿನ ಡಬ್ಬಗಳಲ್ಲಿ ಅಕ್ಷರವಾರು ಇರುತ್ತಿದ್ದವು. ಪ್ರತಿ ಗುರುವಾರ ಕಾಕ್ಸ್‌ಟೌನಿನಿಂದ ನಡೆದೇ ಬರುತ್ತಿದ್ದರು. ಬರುವಾಗ ಬೇಕರಿಯಿಂದ ಒಂದು ತುಂಡು ದಿಲ್‌ಪಸಂದ್ ತಂದು, ನನ್ನ ಸ್ಕೇಲು ಕೇಳಿ ತೆಗೆದುಕೊಂಡು, ಅಳತೆ ಮಾಡಿ ಎರಡು ಭಾಗ ಮಾಡುತ್ತಿದ್ದರು. ಸ್ಕೇಲನ್ನು ಒರೆಸಿಯೇ ಹಿಂದಿರುಗಿಸುತ್ತಿದ್ದರು.

ನಮ್ಮ ಅಂಗಡಿ ಮಾಮುವಿನದು. ಅವರು ಮೊದಲ ದಿನವೇ ನನ್ನ ಕಡೆ ತಿರುಗಿ, "ಮರ್‌ಗಯೇಸೊ ಜಬಾನ್ ಕು ಟೈಪಿಂಗ್ ಕಾಯ್ಕು?" ಎಂದರು. ಸತ್ತುಹೋದ ಭಾಷೆಗೆ ಟೈಪಿಂಗ್ ಏಕೆ ಎಂದು. ಮೇಷ್ಟ್ರಿಗೆ ದಖನಿ ಬರುವುದಿಲ್ಲವೆಂದು ಅವರು ಭಾವಿಸಿದ್ದರು.

"ಮಾತಾಡೋರೇ ಇಲ್ಲ ಸಾಬ್," ಎಂದರು ಮೇಷ್ಟ್ರು, "ಅದಕ್ಕೇ ಈ ಊರಲ್ಲಿ ಜಗಳ ಇಲ್ಲದ ಭಾಷೆ ಅಂದ್ರೆ ಇದೊಂದೇ."

ಮಾಮು ನಕ್ಕು ಅವರಿಗೊಂದು ಸ್ಟೂಲು ಹಾಕಿಸಿದರು. ಆ ಸ್ಟೂಲು ಈಗಲೂ ಇದೆ.

ಅವರ ಶಿಷ್ಯರು ಅವರಿಗೆ ಹೆದರುತ್ತಿದ್ದರು. ಒಮ್ಮೆ ಸಿಗ್ನಲ್ಲಿನಲ್ಲಿ ನಾವಿಬ್ಬರು ರಸ್ತೆ ದಾಟಲು ನಿಂತಿದ್ದಾಗ ಸ್ಕೂಟರಿನ ಮೇಲಿದ್ದ ಒಬ್ಬ ಫಾದರ್ ಹೆಲ್ಮೆಟ್ ಎತ್ತಿ ನಮಸ್ಕರಿಸಿದರು. ಅವರಿಗೂ ತಲೆ ನರೆತಿತ್ತು. ಮೇಷ್ಟ್ರು ಕುಶಲ ಕೇಳಲಿಲ್ಲ.

"ರಾಜ ಅನ್ನೋ ಪದ. ಚತುರ್ಥಿ, ಬಹುವಚನ. ಹೇಳಿ ಫಾದರ್."

"ಸರ್, ಇಲ್ಲೇನಾ ಸರ್?"

"ಕೆಂಪು ದೀಪ ಇನ್ನೂ ನಲವತ್ತು ಸೆಕೆಂಡ್ ಇದೆ."

ಫಾದರ್ ದೀಪದ ಕಡೆಗೇ ನೋಡುತ್ತಿದ್ದು, ಹಸಿರಾದ ತಕ್ಷಣ ಹೊರಟುಹೋದರು. "ಈಗ್ಲೂ ಬರಲ್ಲ ಅವನಿಗೆ," ಎಂದು ಮೇಷ್ಟ್ರು ಬಹಳ ಸಂತೋಷದಿಂದ ಹೇಳಿದರು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಎರಡು ನಿಯಮಗಳನ್ನು ತಿಳಿಸುವುದು ಅಗತ್ಯ.

ಮೇಷ್ಟ್ರ ನಿಯಮ ಇದು: "ಶಾಯಿ ಟೈಪಿಗೆ, ಪೆನ್ಸಿಲ್ ನನಗೆ." ದಾಖಲೆ ಪುಸ್ತಕದಿಂದ ಅವರು ತೆಗೆದ ಕರಡಿನಲ್ಲಿ ಶಾಯಿಯಲ್ಲಿದ್ದುದನ್ನು ಮಾತ್ರ ನಾನು ಟೈಪು ಮಾಡಬೇಕು. ಅಂಚಿನಲ್ಲಿ ಪೆನ್ಸಿಲಿನಲ್ಲಿದ್ದುದು ಅವರು ತಮಗಾಗಿ ಮಾಡಿಕೊಂಡ ಗುರುತು. ಅದನ್ನು ನಾನು ಕಾಣದಂತೆ ಇರಬೇಕು.

ನಮ್ಮ ಅಂಗಡಿಯ ನಿಯಮ ಇದು: ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು. ಖಾಲಿ ಬಿಟ್ಟ ಅರ್ಜಿ ಹಿಂದಿರುಗಿ ಬರುತ್ತದೆ, ಬಂದವರು ಅಂಗಡಿಯವರನ್ನು ಬೈಯುತ್ತಾರೆ. ಏನೂ ಇಲ್ಲದಿದ್ದರೆ "ಅನ್ವಯಿಸುವುದಿಲ್ಲ" ಎಂದಾದರೂ ಹಾಕಬೇಕು. ಇದನ್ನು ಮಾಮು ನನಗೆ ಹದಿನೆಂಟನೆಯ ವಯಸ್ಸಿನಲ್ಲಿ ಕಲಿಸಿದರು.

ಹಲಸೂರಿನ ಒಬ್ಬ ವೃದ್ಧೆಗೆ ಪಾಸ್‌ಪೋರ್ಟಿಗಾಗಿ ವಯಸ್ಸಿನ ದಾಖಲೆ ಬೇಕಾಗಿತ್ತು. ಮಗಳು ಗಲ್ಫಿನಲ್ಲಿದ್ದು, ತಾಯಿಯನ್ನು ಕರೆಸಿಕೊಳ್ಳಬೇಕೆಂದಿದ್ದಳು. ಮೇಷ್ಟ್ರು ಕರಡನ್ನು ನನಗೆ ಕೊಟ್ಟು, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ದಾಖಲಾದರು. ಟೈಪಾದದ್ದನ್ನು ತಾವು ಬಂದು ತಾಳೆ ನೋಡುವವರೆಗೆ ಯಾರಿಗೂ ಕೊಡಬಾರದೆಂಬುದು ಹೇಳಬೇಕಾದ ಮಾತೇ ಆಗಿರಲಿಲ್ಲ.

ಆ ಕರಡಿನಲ್ಲಿ ತಂದೆಯ ಹೆಸರಿನ ಕಾಲಮ್ಮು ಖಾಲಿಯಿತ್ತು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡು ಲ್ಯಾಟಿನ್ ಪದಗಳಿದ್ದವು: ಪಾತ್ರೆ ಇಗ್ನೋತೊ. ಇವು ನನಗೆ ಗೊತ್ತಿದ್ದವು. ಹಿಂದೊಮ್ಮೆ ಬೇರೊಂದು ಕಾಗದದಲ್ಲಿ ನೋಡಿ, "ಸರ್, ಇಲ್ಲಿ ಅಡುಗೆ ಪಾತ್ರೆ ಯಾಕೆ ಬಂತು?" ಎಂದು ಕೇಳಿದ್ದೆ. ಅವರು ಬಹಳ ನಕ್ಕು, ನಂತರ ನಗು ನಿಲ್ಲಿಸಿ, "ತಂದೆ ತಿಳಿದಿಲ್ಲ ಅಂತ ಅರ್ಥ ಕಣಮ್ಮ. ಆಗಿನ ಕಾಲದವರು ಬರೆದುಬಿಡ್ತಿದ್ರು," ಎಂದಿದ್ದರು.

ಅಂಥ ಪ್ರಕರಣಗಳಲ್ಲಿ ತಂದೆತಾಯಿಯ ಕಾಲಮ್ಮೇ ಇಲ್ಲದ ಸಣ್ಣ ನಮೂನೆಯೊಂದರಲ್ಲಿ ಪ್ರತಿ ಕೊಡಿಸುವುದು ಅವರ ಪದ್ಧತಿಯಾಗಿತ್ತು. ಪೆನ್ಸಿಲಿನ ಗುರುತು ಅದನ್ನು ನೆನಪಿಟ್ಟುಕೊಳ್ಳಲು. ಇದು ನನಗೆ ತಿಳಿದದ್ದು ನಂತರ. ಆ ದಿನ ನನಗೆ ತಿಳಿದಿದ್ದು, ಕಾಲಮ್ಮು ಖಾಲಿ ಇದೆ, ಮೇಷ್ಟ್ರು ಕಣ್ಣಿನ ತೊಂದರೆಯಿಂದ ಶಾಯಿಯಲ್ಲಿ ಬರೆಯುವುದನ್ನು ಬಿಟ್ಟಿದ್ದಾರೆ, ನನಗೆ ಲ್ಯಾಟಿನ್ ಬರುತ್ತದೆ ಎಂದಷ್ಟೇ. "ತಂದೆ: ತಿಳಿದಿಲ್ಲ" ಎಂದು ಟೈಪು ಮಾಡಿದೆ. ಮಾಡುವಾಗ ಹೆಮ್ಮೆಯಾಗಿತ್ತೆಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಎರಡು ದಿನದಲ್ಲಿ ಆ ವೃದ್ಧೆಯ ಮಗ ತಾಯಿಯನ್ನು ಆಟೋದಲ್ಲಿ ಕರೆದುಕೊಂಡು ಬಂದರು. ತುಂಬ ಅವಸರದಲ್ಲಿದ್ದರು. ನಾನು ಕಾಗದವನ್ನು ಕೊಟ್ಟುಬಿಟ್ಟೆ.

"ಏನ್ರೀ ಇದು?" ಎಂದರು ಅವರು. ಕೌಂಟರಿನ ಮುಂದೆ ಐದಾರು ಜನರಿದ್ದರು. "ತಂದೆ ತಿಳಿದಿಲ್ಲ ಅಂತ ಹಾಕಿದೀರಲ್ಲ? ನಮ್ಮ ತಾತ ಪಲ್ಟನ್‌ನಲ್ಲಿದ್ರು ಕಣ್ರೀ! ಯುದ್ಧದಲ್ಲಿ ಸತ್ತಿದ್ದು! ಮನೇಲಿ ಫೋಟೋ ಇದೆ! ಅಮ್ಮ, ನೀನೇ ಹೇಳಮ್ಮ ಇವರಿಗೆ."

ತಾಯಿ ಬೆಂಚಿನ ಮೇಲೆ ಕುಳಿತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು. ಮಗ ಅವರನ್ನು ನೋಡಿದರು. ಆಮೇಲೆ ಅವರ ಧ್ವನಿ ಇಳಿಯಿತು. ಆ ಇಳಿದದ್ದನ್ನು ಅಲ್ಲಿದ್ದ ಎಲ್ಲರೂ ಕೇಳಿದರು.

ಆದರೂ ಅವರು ಅಲ್ಲಿಂದ ನೇರವಾಗಿ ಚರ್ಚಿನ ಕಚೇರಿಗೆ ಹೋಗಿ, ಸಮಿತಿಯವರ ಮುಂದೆ ಪುಸ್ತಕ ತೆಗೆಸಿದರು. ಪುಸ್ತಕದಲ್ಲಿ ಇದ್ದದ್ದು ಇತ್ತು. ಪಾಸ್‌ಪೋರ್ಟಿನ ಅರ್ಜಿ ಹೋಗಲಿಲ್ಲ.

ಮೇಷ್ಟ್ರು ಕಣ್ಣಿಗೆ ಪಟ್ಟಿ ಇದ್ದಂತೆಯೇ ಸಮಿತಿಯ ಮುಂದೆ ಹಾಜರಾದರು. ಪೆನ್ಸಿಲಿನ ಟಿಪ್ಪಣಿ ತಮ್ಮ ಕೈಬರಹ, ತಾಳೆ ನೋಡದ್ದು ತಾವು, ತಪ್ಪು ತಮ್ಮದು ಎಂದು ಹೇಳಿದರಂತೆ. ಟೈಪು ಮಾಡಿದವರ ಮಾತೇ ಎತ್ತಲಿಲ್ಲವಂತೆ. ನನ್ನನ್ನು ಯಾರೂ ಕರೆಯಲಿಲ್ಲ, ಕೇಳಲಿಲ್ಲ. ನಾನಾಗಿ ಹೋಗಲಿಲ್ಲ. ದಾಖಲೆ ಪುಸ್ತಕಗಳಿದ್ದ ಕಪಾಟಿನ ಬೀಗದ ಕೈಯನ್ನು ಅವರಿಂದ ಹಿಂದಕ್ಕೆ ಪಡೆಯಲಾಯಿತು. ಆ ಪುಸ್ತಕಗಳನ್ನು ಅವರು ಮತ್ತೆ ಮುಟ್ಟಲಿಲ್ಲ.

ಮುಂದಿನ ಗುರುವಾರ ಅವರು ಬರುವುದಿಲ್ಲವೆಂದುಕೊಂಡಿದ್ದೆ. ಬಂದರು. ದಿಲ್‌ಪಸಂದ್ ತಂದಿದ್ದರು. ಸ್ಕೇಲು ಕೇಳಿದರು. ನಾನು "ಸರ್" ಎಂದೆ. ಸ್ಕೇಲು ಕೊಟ್ಟೆ. ಕ್ಷಮಿಸಿ ಎಂಬ ಒಂದು ಪದವನ್ನು ನಾನು ಅಂದೂ ಹೇಳಲಿಲ್ಲ, ತರುವಾಯವೂ ಹೇಳಲಿಲ್ಲ.

ಅವರು ಡಬ್ಬ ತೆರೆದರು. ನಾವು ಓ ಅಕ್ಷರದಲ್ಲಿದ್ದೆವು. ಸರದಿಯಲ್ಲಿ ಬಂದ ಚೀಟಿ ಅದು. ಅವರು ಹುಡುಕಿ ತೆಗೆದದ್ದಲ್ಲ.

"ಒಬ್ಲಿವಿಯೊ. ನಾಮಪದ, ಸ್ತ್ರೀಲಿಂಗ. ಮೊದಲನೇ ಅರ್ಥ, ಮರೆವು. ಹಾಕು."

ಹಾಕಿದೆ.

"ಬಳಕೆ ಎರಡು ಥರ. ಒಂದು, ವಿಷಯ ತಾನಾಗೇ ಮರೆವಿಗೆ ಬರುತ್ತೆ. ವೆನೀರೆ, ಬರೋದು. ಬಸ್ಸು ಮೆಜೆಸ್ಟಿಕ್‌ಗೆ ಬಂದ ಹಾಗೆ. ಯಾರೂ ಏನೂ ಮಾಡಬೇಕಾಗಿಲ್ಲ. ಇನ್ನೊಂದು, ದಾರೆ. ಕೊಡೋದು. ಮರೆವಿಗೆ ಕೊಡೋದು. ಕೈಯಾರೆ."

"ಎರಡೂ ಮರೆಯೋದೇ ಅಲ್ವಾ ಸರ್?"

"ಅಲ್ಲಮ್ಮ. ಕೊಡಬೇಕಾದ್ರೆ ಕೈಯಲ್ಲಿ ಇರಬೇಕಲ್ಲ? ಮರೆತೋನು ಏನ್ ಕೊಡ್ತಾನೆ?" ಅವರು ಪಟ್ಟಿ ಇಲ್ಲದ ಕಣ್ಣಿನಿಂದ ಚೀಟಿಯನ್ನು ಹತ್ತಿರ ಹಿಡಿದುಕೊಂಡರು. "ಹಿಂದೆ ಒಂದು ಊರಲ್ಲಿ ಜನ ತಮ್ಮತಮ್ಮಲ್ಲೇ ಬಡಿದಾಡಿಕೊಂಡ್ರು. ಎಲ್ಲಾ ಮುಗಿದ್ಮೇಲೆ ಒಂದು ಕಾನೂನು ಮಾಡ್ಕೊಂಡ್ರು: ಆಗಿಹೋಗಿದ್ದರ ಬಗ್ಗೆ ಯಾರೂ ಯಾರ ಮೇಲೂ ದೂರು ಹೇಳೋ ಹಾಗಿಲ್ಲ. ಆ ಕಾನೂನಿಗೂ ಇದೇ ಹೆಸರು. ಎಲ್ಲರಿಗೂ ಎಲ್ಲಾ ನೆನಪಿತ್ತು. ಬಾಯಿ ಬಿಡ್ತಿರಲಿಲ್ಲ, ಅಷ್ಟೇ. ಅದು ಎರಡನೇ ಅರ್ಥ."

"ಅದಕ್ಕೆ ಕನ್ನಡದಲ್ಲಿ ಏನ್ ಹಾಕ್ಲಿ ಸರ್?"

ಚೀಟಿಯಲ್ಲಿ ಅವರು ವಿಸ್ಮೃತಿ ಎಂದು ಬರೆದು ಹೊಡೆದಿದ್ದರು. ವಿಸ್ಮರಣೆ ಎಂದು ಬರೆದು ಹೊಡೆದಿದ್ದರು. ಕ್ಷಮಾದಾನ ಎಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದನ್ನೂ ಹೊಡೆದಿದ್ದರು.

"ಸಿಕ್ಕಿಲ್ಲ. ಖಾಲಿ ಇರಲಿ."

"ಖಾಲಿ ಬಿಡಬಾರದು ಸರ್," ಎಂದೆ. ರೂಢಿಯಿಂದ ಬಂದ ಮಾತು. ಬಂದ ಮೇಲೆ ನನ್ನ ಕೈ ಕೀಲಿಮಣೆಯ ಮೇಲೆ ಹಾಗೆಯೇ ನಿಂತಿತು.

ಮೇಷ್ಟ್ರು ನನ್ನನ್ನು ನೋಡಿದರು. "ಅದೇ ನಿನ್ನ ರೋಗ," ಎಂದು ಹೇಳಿ, ದಿಲ್‌ಪಸಂದ್‌ನ ನನ್ನ ಭಾಗವನ್ನು ನನ್ನ ಕಡೆಗೆ ಸರಿಸಿದರು. ಆ ವಿಷಯವಾಗಿ ಅವರು ನನ್ನೊಡನೆ ಆಡಿದ ಮಾತು ಇಷ್ಟೇ.

ಪದಕೋಶ ಪಿ ಅಕ್ಷರ ದಾಟಲಿಲ್ಲ. ಅವರು ಕೃಷ್ಣರಾಜಪುರಕ್ಕೆ ಹೋದ ನಂತರ ಗುರುವಾರಗಳು ತಿಂಗಳಿಗೊಮ್ಮೆಯಾಗಿ, ಆಮೇಲೆ ಫೋನಾಗಿ, ಆಮೇಲೆ ಅದೂ ಇಲ್ಲವಾಯಿತು. ಅವರ ತಲೆಗೆ ಏನೂ ಆಗಿರಲಿಲ್ಲ ಎಂಬುದನ್ನು ಈ ಮೂಲಕ ದೃಢೀಕರಿಸುತ್ತೇನೆ. ಕೊನೆಯ ಸಲ ಫೋನು ಮಾಡಿದಾಗ ನನ್ನಿಂದ ಒಂದು ಪದದ ಷಷ್ಠಿ ವಿಭಕ್ತಿ ಹೇಳಿಸಿದರು. ನಾನು ತಪ್ಪಿದೆ. ಸಂತೋಷಪಟ್ಟರು. ದಫನದ ಮರುವಾರ ಅವರ ತಂಗಿಯ ಮಗಳು ಡಬ್ಬಗಳನ್ನು ತಂದು ಅಂಗಡಿಯಲ್ಲಿಟ್ಟು ಹೋದರು.

ಸಮಿತಿಯ ಆ ಇಬ್ಬರ ಮಾತು ಕಿವಿಯಲ್ಲಿದ್ದುದರಿಂದ, ಸತ್ಯವನ್ನು ಲಿಖಿತವಾಗಿ ತಿಳಿಸಬೇಕೆಂದು ತೀರ್ಮಾನಿಸಿದೆ. ಅದಕ್ಕೆ ಮುಂಚೆ ಆ ತಾಯಿಯ ಒಪ್ಪಿಗೆ ಪಡೆಯುವುದು ಉಚಿತವೆನಿಸಿ, ಒಂದು ಮಧ್ಯಾಹ್ನ ಹಲಸೂರಿಗೆ ಹೋದೆ.

ಬಾಗಿಲು ತೆರೆದಿತ್ತು. ಅವರು ನೆಲದ ಮೇಲೆ ಕುಳಿತು, ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದರು.

"ಯಾರು?"

"ಶಿವಾಜಿನಗರದ ಟೈಪಿಂಗ್ ಅಂಗಡಿಯಿಂದ ಬಂದಿದೀನಮ್ಮ."

ಸ್ವಲ್ಪ ಹೊತ್ತು ನೋಡಿದರು. "ಬಾ. ಚಪ್ಪಲಿ ಒಳಗಡೆ ಬಿಡು, ಹೊರಗಿಟ್ರೆ ನಾಯಿ ಎತ್ಕೊಂಡ್ ಹೋಗುತ್ತೆ."

ಗೋಡೆಯ ಮೇಲೆ ಸಮವಸ್ತ್ರದಲ್ಲಿದ್ದ ಒಬ್ಬರ ಫೋಟೋ ಇತ್ತು. ಅದಕ್ಕೆ ಕನಕಾಂಬರದ ಹಾರ ಹಾಕಿತ್ತು. ಹೂವು ಆ ದಿನದ್ದು.

ನಾನು ಮನೆಯಲ್ಲಿ ಸಿದ್ಧಪಡಿಸಿಕೊಂಡು ಹೋಗಿದ್ದ ಮಾತು ಅಲ್ಲಿ ಬರಲಿಲ್ಲ. "ಆ ಪೇಪರಲ್ಲಿ ಅದನ್ನ ಹಾಕಿದ್ದು ಮೇಷ್ಟ್ರಲ್ಲಮ್ಮ. ನಾನು. ಅವರು ಪೆನ್ಸಿಲಲ್ಲಿ ಬರ್ಕೊಂಡಿದ್ರು. ನಾನು ಟೈಪ್ ಮಾಡ್ಬಿಟ್ಟೆ. ಅವರು ತಮ್ಮ ಮೇಲೆ ಹಾಕ್ಕೊಂಡ್ರು."

ಅವರ ಬೆರಳು ನಿಂತಿತು. ಬೇಳೆಯೊಂದು ಸಿಪ್ಪೆಯಿಂದ ಅರ್ಧ ಹೊರಬಂದಿತ್ತು.

"ಅವರು ಬಂದಿದ್ರು," ಎಂದರು. "ಗಲಾಟೆ ಆದ ಮೂರ್ನಾಕ್ ದಿನಕ್ಕೆ. ಕಣ್ಣಿಗ್ ಬಟ್ಟೆ ಕಟ್ಕೊಂಡು. ನೀನ್ ಕೂತಿದೀಯಲ್ಲ, ಅಲ್ಲೇ ಕೂತ್ರು. ನಂದೇ ತಪ್ಪು ಕಣಮ್ಮ ಅಂದ್ರು. ಯಾಕೆ, ಏನು, ಒಂದೂ ಹೇಳ್ಲಿಲ್ಲ. ಅಷ್ಟ್ ದೊಡ್ಡ ಮನುಷ್ಯ. ನಾನೂ ಹೊಟ್ಟೆಗ್ ಹಾಕ್ಕೊಂಡೆ. ನನ್ನ ಮಗ ಒಂದ್ ವರ್ಷ ನನ್ ಹತ್ರ ಮಾತಾಡ್ಲಿಲ್ಲ. ಆಮೇಲೆ ಒಂದಿನ ಅವನೇ ಆ ಫೋಟೋಗೆ ಹೂವ ತಂದ. ಅವನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಇವತ್ತಿನ ತನಕ ದಿನಾ ತರ್ತಾನೆ. ಯಾರ್ ಫೋಟೋ ಅಂತ ಅವನಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ನಮ್ಮಮ್ಮ ಎಲ್ಲಿಂದ ತಂದಿದ್ಲೋ."

ನಾನು ಫೋಟೋದ ಕಡೆಗೆ ತಿರುಗಿ ನೋಡಿದೆ.

"ಎಲ್ಲಾ ಕೆಳಗ್ ಕೂತಿತ್ತು. ಈಗ ನೀನ್ ಬಂದು ಕೈ ಹಾಕಿ ಹೊರಕ್ ತೆಗೆದೆ."

"ಮೇಷ್ಟ್ರ ಹೆಸರು ಕೆಟ್ಟಿದೆಯಮ್ಮ."

"ಸತ್ತೋರ್ ಹೆಸರ್ ಸರಿ ಮಾಡಕ್ಕೆ ಬದುಕಿರೋಳ್ ಹತ್ರ ಬಂದಿದೀಯ." ಅವರು ಸಿಟ್ಟಿನಿಂದ ಹೇಳಲಿಲ್ಲ. "ನೀನ್ ಹಗುರ ಆಗ್ಬೇಕು. ಅದಕ್ಕೇ ಬಂದಿರೋದು. ಹೌದೋ ಅಲ್ವೋ?"

ಹೌದು ಎಂದೆ.

ಬಹಳ ಹೊತ್ತು ಅವರು ಮತ್ತೆ ಕಾಳು ಹಿತುಕಿದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ನಾನು ನನ್ನ ಮುಂದಿದ್ದ ಕಾಳುಗಳಲ್ಲಿ ಒಂದಷ್ಟನ್ನು ತೆಗೆದುಕೊಂಡು ಹಿತುಕಲಾರಂಭಿಸಿದೆ. ಬೇಡವೆನ್ನಲಿಲ್ಲ.

"ಬಿಡು. ನಿಂದೂ ಹೊಟ್ಟೆಗ್ ಹಾಕ್ಕೊತೀನಿ. ಎಷ್ಟ್ ಹಾಕಿದ್ರೂ ಹಿಡಿಯುತ್ತೆ, ಹಳೇ ಹೊಟ್ಟೆ." ಸಿಪ್ಪೆಗಳನ್ನು ಒಟ್ಟುಗೂಡಿಸಿದರು. "ಬರಿಯೋದಾದ್ರೆ ಬರಿ. ಅವರು ತಪ್ಪು ಮಾಡಿಲ್ಲ ಅಂತ ಬರಿ. ನನ್ನ ಹೆಸರು ಬೇಡ. ಅವರ ಹೆಸರು ಹಾಕಿದ್ರೆ ನಂದೂ ಗೊತ್ತಾಗುತ್ತೆ. ಅದೂ ಬೇಡ."

ನನ್ನ ಹೆಸರು ಹಾಕಿದರೆ ಅಂಗಡಿ ತಿಳಿಯುತ್ತದೆ; ಅಂಗಡಿ ತಿಳಿದರೆ ಅವತ್ತು ಕೌಂಟರಿನ ಮುಂದಿದ್ದವರಿಗೆ ಬೆಂಚಿನ ಮೇಲಿದ್ದವರು ನೆನಪಾಗುತ್ತಾರೆ. ಆದ್ದರಿಂದ ಈ ಬರಹಕ್ಕೆ ನನ್ನ ಸಹಿಯೂ ಇಲ್ಲ. ಸಹಿಯಿಲ್ಲದ ಮನವಿಯನ್ನು ಯಾವ ಕಚೇರಿಯೂ ಪುರಸ್ಕರಿಸುವುದಿಲ್ಲವೆಂದು ಸಾವಿರಾರು ಜನರಿಗೆ ಹೇಳಿದವಳು ನಾನು. ಸಮಿತಿಯ ಆ ಇಬ್ಬರಿಗೆ ಇದು ತಲುಪಿದರೆ ಅರ್ಥವಾದೀತು. ಅರ್ಥವಾದ ಮೇಲೆ ಅವರೂ ಬಾಯಿ ಬಿಡಬಾರದೆಂದು ಕೋರುತ್ತೇನೆ.

ಅಂಗಡಿಗೆ ಬಂದು ಓ ಅಕ್ಷರದ ಡಬ್ಬ ತೆರೆದೆ. ಹೊಟ್ಟೆಗೆ ಹಾಕಿಕೊಳ್ಳುವುದು ಎಂಬ ಮಾತು ಮೇಷ್ಟ್ರಿಗೆ ಗೊತ್ತಿರಲಿಲ್ಲವೆಂದಲ್ಲ. ಎಲ್ಲರಿಗೂ ಗೊತ್ತಿರುವ ಮಾತು ಅದು. ಆ ಮನೆಯಲ್ಲಿ ಅವರ ಎದುರಿಗೇ ಆಡಿದ್ದಿರಲೂಬಹುದು. ಚೀಟಿಯಲ್ಲಿ ಏಕೆ ಬರೆಯಲಿಲ್ಲವೆಂದು ಕೇಳಲು ಅವರಿಲ್ಲ. ಹೊಡೆದುಹಾಕಿದ ಮೂರು ಪದಗಳ ಕೆಳಗೆ ನಾನೇ ಅದನ್ನು ಬರೆದೆ. ಶಾಯಿಯಲ್ಲಲ್ಲ, ಪೆನ್ಸಿಲಿನಲ್ಲಿ.

ಅದರ ಕೆಳಗೆ, ಮೇಷ್ಟ್ರ ಪ್ರತಿ ಚೀಟಿಯಲ್ಲಿಯೂ ಇರುವಂತೆ, "ಉದಾಹರಣೆ" ಎಂದು ಒಂದು ಕಾಲಮ್ಮಿದೆ.

ಅದನ್ನು ಖಾಲಿ ಬಿಟ್ಟಿದ್ದೇನೆ.